ನೆಲದಡಿಯ ಮಳೆನೀರು ಕಾಲುವೆಗಳು ಮೊದಲು ಹಳ್ಳಗಳಾಗಿದ್ದವೇ?

ಬಸವನಹಳ್ಳಿ ನಿವಾಸಿ:
ಚಿಕ್ಕಮಗಳೂರಿನ ನಮ್ಮ ಬೀದಿಯಲ್ಲಿ ಕಳೆದ ತಿಂಗಳು ಚರಂಡಿಯ ಹೂಳೆತ್ತಲು ಚಪ್ಪಡಿಗಳನ್ನು ಎಬ್ಬಿಸಿದಾಗ, ಮನೆಗಳ ಸಾಲಿಗೆ ಹೊಂದದಂತೆ ಓರೆಯಾಗಿ ರಸ್ತೆಯನ್ನು ದಾಟಿಹೋಗುವ ಹಳೆಯ ಕಲ್ಲುಕಟ್ಟಡದ ಕಾಲುವೆಯೊಂದು ಕಾಣಿಸಿತು. ಅದು ಹಿಂದೆ ಹಳ್ಳವಾಗಿತ್ತೆಂದು ಪಕ್ಕದ ಮನೆಯ ಅಜ್ಜಿ ಹೇಳುತ್ತಾರೆ. ದೊಡ್ಡ ನಗರಗಳಲ್ಲಿಯೂ ಇವು ಹೀಗೆಯೇ ಹುಟ್ಟಿದವೇ, ಇಲ್ಲವೇ ನಕ್ಷೆ ಹಾಕಿ ಅಗೆದವೇ? ಲಂಡನ್ನಿನ ಚರಿತ್ರೆ ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಇಂಜಿನಿಯರ್:
ಅಜ್ಜಿಯವರ ಮಾತು ಸರಿಯಿರಬೇಕು. ನೀರಿನ ದಾರಿ ಸೈಟಿನ ಗೆರೆಗಳನ್ನು ನೋಡುವುದಿಲ್ಲ. ಆ ಓರೆಯೇ ಅದರ ಗುರುತು. ಲಂಡನ್ನಿನ ಫ್ಲೀಟ್ ಕೂಡ ಮೊದಲು ನದಿಯೇ. 1666ರ ಮಹಾ ಬೆಂಕಿಯ ನಂತರ ಅದರ ಕೆಳಭಾಗವನ್ನು ಅಗಲಗೊಳಿಸಿ ದೋಣಿ ಓಡುವ ಕಾಲುವೆಯನ್ನಾಗಿ ಮಾಡಿದರು. ಊರಿನ ಕಸವೆಲ್ಲ ಅದಕ್ಕೇ ಬಿದ್ದು ಹೂಳು ತುಂಬಿದಾಗ, 1730ರ ದಶಕದಲ್ಲಿ ಒಂದು ಭಾಗಕ್ಕೆ ಕಮಾನು ಕಟ್ಟಿ ಮುಚ್ಚಿ, ಅದರ ಮೇಲೆಯೇ ಮಾರುಕಟ್ಟೆಯನ್ನು ಕೂರಿಸಿದರು. ಉಳಿದುದಕ್ಕೆ ಮುಚ್ಚಳ ಬಿದ್ದದ್ದು ಅನಂತರ. ಮುಚ್ಚಿದ ಮೇಲೆ ಅದು ಸುಮ್ಮನಿರಲಿಲ್ಲ: 1846ರಲ್ಲಿ ಒಳಗೆ ಸೇರಿಕೊಂಡಿದ್ದ ಅನಿಲ ಸಿಡಿದು, ಕೊಳಚೆ ಬೀದಿಗೆ ನುಗ್ಗಿತು. ಇಂದಿಗೂ ರೇ ಸ್ಟ್ರೀಟಿನ ಕಬ್ಬಿಣದ ಜಾಲರಿಯೊಂದಕ್ಕೆ ಕಿವಿಗೊಟ್ಟರೆ ಕೆಳಗೆ ನೀರು ಹರಿಯುವ ಸದ್ದು ಕೇಳುತ್ತದೆ.

ಯಗಚಿ ತೀರದವಳು:
ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಪಾರ್ಲಿಮೆಂಟಿನೊಳಕ್ಕೇ ನುಗ್ಗಿದ ಮೇಲಷ್ಟೇ ಇಂಜಿನಿಯರ್ ಜೋಸೆಫ್ ಬ್ಯಾಜಲ್ಜೆಟ್ ಅವರ ಒಳಚರಂಡಿ ಯೋಜನೆಗೆ ಹಣ ಸಿಕ್ಕಿತು. (ವಾಸನೆ ಆಳುವವರ ಮೂಗಿಗೆ ತಟ್ಟಬೇಕು, ನೋಡಿ.) ಅವರು ಹಳೆಯ ಕಾಲುವೆಗಳನ್ನು ಕಿತ್ತುಹಾಕದೆ, ನದಿಗೆ ಸೇರುವ ಮುನ್ನವೇ ಅವುಗಳ ನೀರನ್ನು ಹಿಡಿದು ಪೂರ್ವಕ್ಕೆ ಒಯ್ಯುವ, ಸುಮಾರು 132 ಕಿ.ಮೀ. ಉದ್ದದ ಇಟ್ಟಿಗೆಯ ದೊಡ್ಡ ಕಾಲುವೆಗಳನ್ನು ಅಡ್ಡಲಾಗಿ ಕಟ್ಟಿಸಿದರು. ಆ ಕಾಲದ ಹಲವು ಕಾಲುವೆಗಳಿಗೆ ಚೂಪು ತುದಿ ಕೆಳಗಾಗಿ ನಿಲ್ಲಿಸಿದ ಮೊಟ್ಟೆಯ ಆಕಾರವಿತ್ತು. ನೀರು ಕಡಿಮೆಯಿದ್ದಾಗಲೂ ಕಿರಿದಾದ ತಳದಲ್ಲಿ ರಭಸವಾಗಿ ಹರಿದು ಹೂಳನ್ನು ತಳ್ಳಿಕೊಂಡು ಹೋಗಲೆಂದು. ಆದರೆ ಮಳೆನೀರು, ಕೊಳಚೆ ಎರಡೂ ಒಂದೇ ಕೊಳವೆಯಲ್ಲಿ ಹರಿಯುವುದರಿಂದ, ಜೋರು ಮಳೆಗೆ ಕೆರೆ ಕೋಡಿ ಬಿದ್ದಂತೆ ಹೆಚ್ಚಿನದೆಲ್ಲ ಥೇಮ್ಸ್‌ಗೇ ಬೀಳುತ್ತಿತ್ತು. ಅದನ್ನು ತಡೆಯಲು 25 ಕಿ.ಮೀ.ನ ಹೊಸ ಸುರಂಗವೊಂದು ಈಚೆಗೆ, 2025ರಲ್ಲಿ, ಪೂರ್ಣವಾಗಿ ಬಳಕೆಗೆ ಬಂದಿತು.

ನಮ್ಮಲ್ಲಿ ಮಳೆ ಚರಂಡಿ ಬೇರೆ, ಒಳಚರಂಡಿ ಬೇರೆ. ಬಚ್ಚಲ ಪೈಪನ್ನು ಗುಟ್ಟಾಗಿ ಮೋರಿಗೆ ತಿರುಗಿಸುವವರು ಎರಡನ್ನೂ ಒಂದು ಮಾಡುತ್ತಾರೆ, ಅಷ್ಟೆ. ನಿಮ್ಮ ಕಾಲುವೆಯಲ್ಲಿ ಬಿಸಿಲುಗಾಲದಲ್ಲೂ ಸೋಪಿನ ನೊರೆ ಕಂಡರೆ ಅದೇ ಕಾರಣ.

ಬಸವನಹಳ್ಳಿ ನಿವಾಸಿ:
ಇಬ್ಬರಿಗೂ ಧನ್ಯವಾದಗಳು. ನೊರೆ ಇದೆ, ಮೇಡಂ. ಇಂದು ಬೆಳಿಗ್ಗೆ ಅಜ್ಜಿಯನ್ನು ಕರೆದೊಯ್ದು ತೋರಿಸಿದೆ. ಎಬ್ಬಿಸಿಟ್ಟಿದ್ದ ಚಪ್ಪಡಿಗಳಲ್ಲಿ ಒಂದರ ಮೈ ನಡುವೆ ತಗ್ಗಾಗಿ ನುಣ್ಣಗೆ ಸವೆದಿತ್ತು; ಅದನ್ನು ಕೈಯಿಂದ ಸವರಿ, ಅದು ಹಳ್ಳದ ಬಟ್ಟೆ ಒಗೆಯುವ ಕಲ್ಲು ಎಂದರು.