ಮೇಷ್ಟ್ರು ಒರಗಿದ ಕುರ್ಚಿ

ಸೀನನ ಮನೆಗೆ ಹೊಸ ಕುರ್ಚಿ ಬಂದಿತ್ತು. ಅದನ್ನು ನೋಡೋಕೆ ಅಂತ, ಬಿಸಿಬೇಳೆಬಾತಿನ ನೆಪ ಮಾಡಿಕೊಂಡು ಭಾನುವಾರ ನಾವು ಮೂವರು ಹೋದೆವು. ಕುರ್ಚಿಯ ಪಕ್ಕದಲ್ಲಿ ಒಂದು ಗುಂಡಿ. ಒತ್ತಿದರೆ ಗುಂಯ್ ಅಂತ ಬೆನ್ನು ಹಿಂದಕ್ಕೆ ವಾಲುತ್ತದೆ, ಕಾಲು ಮೇಲಕ್ಕೆ ಬರುತ್ತದೆ. ಊಟ ಮುಗಿಸಿ ನಾವು ಕೈ ತೊಳೆದು ಬರುವಷ್ಟರಲ್ಲಿ ಮೇಷ್ಟ್ರು ಅದರಲ್ಲಿ ಕೂತಾಗಿತ್ತು.

"ಒಬ್ಬೊಬ್ಬರಿಗೆ ಐದೈದು ನಿಮಿಷ" ಎಂದ ಸೀನ.

"ಆಗಲಿ. ಮೊದಲು ಇದರ ಹೆಸರು ಹೇಳು" ಎಂದರು ಮೇಷ್ಟ್ರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವರು. ಅವರು ಪ್ರಶ್ನೆ ಕೇಳಿದರೆ ಪೀರಿಯಡ್ಡು ಶುರು ಅಂತಲೇ ಅರ್ಥ.

"ರಿಕ್ಲೈನರ್."

"ಕ್ಲೈನ್ ಅಂದರೆ ಒರಗೋದು. ಗ್ರೀಕರಲ್ಲಿ ಕ್ಲೀನೆ ಅಂದರೆ ಹಾಸಿಗೆ. ಹಾಸಿಗೆ ಹಿಡಿದವರನ್ನ ನೋಡ್ಕೊಳ್ಳೋದರಿಂದ ಕ್ಲಿನಿಕ್ ಬಂತು. ಗೋಡೆಗೆ ಒರಗಿಸ್ತೀವಲ್ಲ ಏಣಿ, ಲ್ಯಾಡರ್, ಅದೂ ಇದೇ ಬುಡದ್ದು."

"ನಾವು ಹೋಗೋ ಕ್ಲಿನಿಕ್ಕಲ್ಲಿ ಒರಗೋದಿರಲಿ, ಕೂರೋಕೂ ಜಾಗ ಸಿಗಲ್ಲ" ಎಂದ ಗೋಪಿ. ಪಾಪ, ಅವನು ಸುಮ್ಮನಿರಬೇಕಿತ್ತು. ಸೀನ ಅವನ ಹಳೇ ಕಥೆ ತೆಗೆದ.

ಒಮ್ಮೆ ಜ್ವರ ಬಂದು ರಜಾ ಹಾಕಿದ್ದ ಗೋಪಿ, ಮಾರನೇ ದಿನ ಮ್ಯಾನೇಜರಿಗೆ "ನಿನ್ನೆಯೆಲ್ಲಾ ಐ ವಾಸ್ ಲೇಯಿಂಗ್ ಇನ್ ಬೆಡ್" ಅಂತ ಬರೆದಿದ್ದ. "ಎಷ್ಟು ಮೊಟ್ಟೆ ಆಯ್ತು?" ಅಂತ ಉತ್ತರ ಬಂದಿತ್ತು.

ಮೇಷ್ಟ್ರು ಇನ್ನೊಂದು ಸಲ ಗುಂಡಿ ಒತ್ತಿದರು. ಕಾಲು ಇನ್ನಷ್ಟು ಮೇಲೆ ಬಂತು. "ಲೈ ಅಂದರೆ ತಾನು ಮಲಗೋದು, ಲೇ ಅಂದರೆ ಇನ್ನೊಂದನ್ನ ಇಡೋದು. ಆದ್ರೆ 'ನಿನ್ನೆ ಮಲಗಿದ್ದೆ' ಅನ್ನೋಕೂ ಲೇ ಅಂತಲೇ ಹೇಳಬೇಕು. ಅಲ್ಲಿ ಇಂಗ್ಲಿಷರೂ ಎಡವ್ತಾರೆ."

"ಲೈ ಅಂದ್ರೆ ಸುಳ್ಳು ಹೇಳೋದೂ ಅಲ್ವಾ?" ಎಂದೆ.

"ಅದಕ್ಕೇ ರಜಾ ಅರ್ಜೀಲಿ ಎರಡೂ ಒಟ್ಟಿಗೆ ಇರ್ತವೆ. ನಮ್ಮ ಕನ್ನಡ ನೋಡು, ಮಲಗಿದರೆ ಮಲಗಿದ, ಮಲಗಿಸಿದರೆ ಮಲಗಿಸಿದ. ಕೋಳಿಗೂ ಗೋಪಿಗೂ ಗೊಂದಲವೇ ಇಲ್ಲ."

"ಐದು ನಿಮಿಷ ಆಯ್ತು ಮೇಷ್ಟ್ರೇ."

"ಗೋಪಿ, ಆಫೀಸಲ್ಲಿ ನೀನು ಎಲ್ಲಿ ಕೂರ್ತೀಯೋ?"

"ಕ್ಯೂಬಿಕಲ್ಲಲ್ಲಿ."

"ಲ್ಯಾಟಿನ್ನಲ್ಲಿ ಕುಬಿಕುಲುಂ ಅಂದರೆ ಮಲಗೋ ಕೋಣೆ! ಕಾವು ಕೊಡೋ ಇನ್‌ಕ್ಯುಬೇಟರ್ ಇದೆಯಲ್ಲ, ಅದೂ ಇದರ ತಂಗಿಯೇ."

"ಮತ್ತೆ ಕೋಳಿನಾ?" ಎಂದ ಗೋಪಿ. ಆದರೂ ಮೊಬೈಲು ತೆಗೆದು ಕುಬಿಕುಲುಂ ಅಂತ ಬರೆದುಕೊಂಡ. ಮುಂದಿನ ಸಲ ಮಧ್ಯಾಹ್ನ ತೂಕಡಿಸಿ ಸಿಕ್ಕಿಬಿದ್ದರೆ ತೋರಿಸೋಕೆ ಇರಲಿ ಅಂತ.

ಮೇಷ್ಟ್ರಿಗೆ ಹುಮ್ಮಸ್ಸು ಬಂತು. ರೋಮಿಗೆ ಹೋದರು. ಅಲ್ಲಿನ ಶ್ರೀಮಂತರು ಔತಣದ ಊಟವನ್ನೂ ಒರಗಿಕೊಂಡೇ ಮಾಡುತ್ತಿದ್ದರಂತೆ. ಆ ಊಟದ ಕೋಣೆಯ ಹೆಸರು ಟ್ರಿಕ್ಲಿನಿಯಂ. ಮೂರು ಕಡೆ ಮೂರು ಮಂಚ, ಮಂಚಕ್ಕೆ ಮೂವರು. ಎಡ ಮೊಳಕೈ ಊರಿಕೊಂಡು ಬಲಗೈಯಲ್ಲಿ ತಿನ್ನುವುದು.

ಸೀನನಿಗೆ ಯಾವುದನ್ನೂ ಮಾಡಿ ನೋಡದೆ ಸಮಾಧಾನ ಇಲ್ಲ. ಮಿಕ್ಕಿದ್ದ ಬಿಸಿಬೇಳೆಬಾತು ತಟ್ಟೆಗೆ ಹಾಕಿಕೊಂಡು ಬಂದು ಚಾಪೆಯ ಮೇಲೆ ಎಡಕ್ಕೆ ಒರಗಿದ. ಮೊದಲ ತುತ್ತು ಬಾಯಿಗೆ ಹೋಯಿತು. ಎರಡನೆಯದು ಬನಿಯನ್ನಿಗೆ. ಖಾರಾಬೂಂದಿ ಉರುಳಿ ಸೋಫಾದ ಕೆಳಗೆ ಹೋಯಿತು. ಅಷ್ಟರಲ್ಲಿ ಅವನ ಅಮ್ಮ ಅಡುಗೆಮನೆಯಿಂದ ಬಂದರು.

"ಇದೇನೋ ಅವತಾರ? ಎದ್ದು ನೆಟ್ಟಗೆ ಕೂತು ತಿನ್ನು."

"ರೋಮಿನೋರು ಹೀಗೇ ತಿಂತಿದ್ರಂತಮ್ಮ."

"ಸಾರು ಹೇಗೆ ಕಲಸ್ತಿದ್ರಂತೆ?"

ಮೂವತ್ತು ವರ್ಷದಲ್ಲಿ ಯಾವ ಹುಡುಗನೂ ಮೇಷ್ಟ್ರಿಗೆ ಇಂಥ ಪ್ರಶ್ನೆ ಕೇಳಿರಲಿಲ್ಲ ಅಂತ ಕಾಣುತ್ತೆ. ಅವರು ಮಾತು ತಿರುಗಿಸಿದರು. ಲೌಂಜ್, ಲಾಲ್, ಸ್ಪ್ರಾಲ್, ಸ್ಲೌಚ್, ಒಂದೊಂದು ಭಂಗಿಗೂ ಇಂಗ್ಲಿಷಲ್ಲಿ ಒಂದೊಂದು ಮಾತಿದೆ, ನಮ್ಮಲ್ಲಿ ಅಷ್ಟೊಂದು ಇಲ್ಲ ಎಂದರು.

"ಯಾಕಿಲ್ಲ?" ಎಂದರು ಅಮ್ಮ. "ದೇವರು ಪವಡಿಸ್ತಾನೆ. ಯಜಮಾನರು ಉಂಡು ಅಡ್ಡಾಗ್ತಾರೆ. ನಾವು ಹೆಂಗಸರು ಪಾತ್ರೆ ತೊಳೆದು ಒಂದು ಗಳಿಗೆ ಬೆನ್ನು ನೆಲಕ್ಕೆ ಹಾಕ್ತೀವಿ. ಇವನು ಬಿದ್ಕೊಂಡಿರ್ತಾನೆ." ಹೇಳಿ, ದಿವಾನ್ ಕಾಟಿನ ಮೇಲೆ ಕೂತರು.

ನನಗಂತೂ ಆವತ್ತಿನ ಪಾಠದಲ್ಲಿ ಇದೇ ಜಾಸ್ತಿ ಹಿಡಿಸಿತು. ಆದರೆ ಮೇಷ್ಟ್ರಿಗೆ ದಿವಾನ್ ಕಾಟ್ ಸಿಕ್ಕಿಬಿಟ್ಟಿತ್ತು. ಕಾಟ್ ಅಂದರೆ ಹಿಂದಿಯ ಖಾಟ್. ಇಂಗ್ಲಿಷರು ಇಲ್ಲಿಂದಲೇ ಒಯ್ದದ್ದು. ದಿವಾನ್ ಪಾರ್ಸಿ ಮಾತು. ಮೊದಲು ಲೆಕ್ಕದ ಪುಸ್ತಕ, ಆಮೇಲೆ ಲೆಕ್ಕ ನೋಡುವ ಕಚೇರಿ, ಆಮೇಲೆ ಅಂಥ ಕಚೇರಿಯ ಗೋಡೆ ಪಕ್ಕದ ಮೆತ್ತೆ. ಇಂಗ್ಲಿಷಿಗೆ ಹೋಗಿ ಮಂಚವೇ ಆಯಿತು. ಎರಡೂ ಸೀಮೆ ಸುತ್ತಿ, ಒಂದಕ್ಕೊಂದು ಗಂಟು ಹಾಕಿಕೊಂಡು ಸೀನನ ಮನೆ ಹಾಲಿಗೆ ಬಂದಿವೆ.

"ಹಂಗಾದ್ರೆ ಮೈಸೂರು ದಿವಾನರು?" ಎಂದ ಗೋಪಿ.

"ಅದೇ ಮಾತು."

"1912ರಿಂದ 1918ರವರೆಗೆ ವಿಶ್ವೇಶ್ವರಯ್ಯನವರಿಗಿದ್ದ ಹುದ್ದೆ, ಅಮ್ಮ ಕೂತಿರೋ ಮಂಚ, ಎರಡೂ ಒಂದೇನಾ?"

ಅಮ್ಮ ಕಾಲು ಚಾಚೋಕೆ ಹೊರಟವರು ಹಾಗೇ ಮಡಿಸಿಕೊಂಡರು.

"ಸಾಕು, ಏಳಿ ಮೇಷ್ಟ್ರೇ. ಮುಕ್ಕಾಲು ಗಂಟೆ ಆಯ್ತು" ಎಂದ ಸೀನ.

"ರಿಲ್ಯಾಕ್ಸ್, ಸೀನ. ಲ್ಯಾಟಿನ್ನಲ್ಲಿ ಲಾಕ್ಸಸ್ ಅಂದರೆ ಸಡಿಲ. ಹೊಟ್ಟೆ ಕಟ್ಟಿದಾಗ ಡಾಕ್ಟರು ಬರೆದುಕೊಡ್ತಾರಲ್ಲ ಲ್ಯಾಕ್ಸೆಟಿವ್, ಅದೂ..."

ಮಾತು ಅಲ್ಲಿಗೇ ನಿಂತಿತು. ಮೇಷ್ಟ್ರ ಮುಖ ಒಂಥರಾ ಆಯಿತು. ಎರಡು ತಟ್ಟೆ ಬಾತು, ಮೇಲೆ ಮೂರು ಲೋಟ ಮಜ್ಜಿಗೆ. ಗುಂಡಿಗೆ ಕೈ ಹಾಕಿದರು. ಟಪ್ ಅಂತ ಕರೆಂಟ್ ಹೋಯಿತು.

ಫ್ಯಾನು ತಿರುಗುತ್ತಲೇ ಇತ್ತು. "ಯುಪಿಎಸ್ ಫ್ಯಾನು ಲೈಟಿಗೆ ಮಾತ್ರ ಮೇಷ್ಟ್ರೇ, ಕುರ್ಚಿಗಿಲ್ಲ" ಎಂದ ಸೀನ, ನಿಧಾನವಾಗಿ.

ತಲೆ ಕೆಳಗೆ, ಪಾದ ಮೇಲೆ. ಮೇಷ್ಟ್ರು ಮಗುಚಿಬಿದ್ದ ಆಮೆಯ ಹಾಗೆ ಕೈಕಾಲು ಆಡಿಸಿದರು.

"ಹಿಂಗೆ ಅಂಗಾತ ಇರೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ ಮೇಷ್ಟ್ರೇ?" ಎಂದ ಗೋಪಿ.

"ಸುಪೈನ್! ಮೊದಲು ಎತ್ರೋ ನನ್ನ!"

ಆ ಕಡೆ ಒಬ್ಬ, ಈ ಕಡೆ ಒಬ್ಬ ಕಂಕುಳಿಗೆ ಕೈ ಕೊಟ್ಟು ಎತ್ತಿದೆವು. ಪಂಚೆ ಹಿಡಿದುಕೊಂಡು ಓಡಿದರು. ಬಾಗಿಲ ಚಿಲಕ ಬಿತ್ತು. ಅದನ್ನೇ ಕಾಯುತ್ತಿದ್ದ ಹಾಗೆ ಕರೆಂಟೂ ಬಂತು. ತಿರುಗಿ ನೋಡಿದರೆ ಗೋಪಿ ಕುರ್ಚಿ ಹತ್ತಿಯಾಗಿತ್ತು.

"ಈಗ ನಾನು. ಐ ಆಮ್ ಲೇಯಿಂಗ್ ಹಿಯರ್" ಅಂತ ಗುಂಡಿ ಒತ್ತಿದ.

"ಲೈಯಿಂಗ್ ಕಣೋ!" ಎಂದು ಒಳಗಿನಿಂದ ಕೂಗು ಬಂತು.