ಲಾ ಕಿಯಾಕಾ – ವಿಲ್ಯಾಸೋನ್ ಗಡಿಯಲ್ಲಿ ಒಂದು ರಾತ್ರಿ: ಅಗ್ಗದ ರೂಮು ಹಿಡಿಯುವಾಗ ಏನೇನು ನೋಡಬೇಕು?

ದಾರಿಹೋಕ:
ಅರ್ಜೆಂಟೀನಾದ ಸಾನ್ ಸಾಲ್ವದೋರ್ ದೆ ಹುಹುಯ್‌ನಿಂದ ಬಸ್ಸಲ್ಲಿ ಲಾ ಕಿಯಾಕಾ, ಅಲ್ಲಿಂದ ಸೇತುವೆ ದಾಟಿ ಬೊಲಿವಿಯಾದ ವಿಲ್ಯಾಸೋನ್, ಆಮೇಲೆ ತುಪಿಸಾ. ಜುಲೈ ಮಧ್ಯಭಾಗ, ಇಬ್ಬರು ಇದ್ದೇವೆ, ಇಬ್ಬರೂ ಸಸ್ಯಾಹಾರಿಗಳು. ಬಸ್ಸು ಲಾ ಕಿಯಾಕಾ ಮುಟ್ಟುವುದು ರಾತ್ರಿ 9ರ ಹೊತ್ತಿಗೆ. ಒಂದೇ ರಾತ್ರಿಗೆ ದುಬಾರಿ ಹೋಟೆಲ್ ಬೇಡ.

ಗೊತ್ತಾಗಬೇಕಾದದ್ದು ಇಷ್ಟು: ಉಳಿಯುವುದು ಗಡಿಯ ಯಾವ ಕಡೆ ಒಳ್ಳೆಯದು? "ಬಿಸಿನೀರು ಇದೆ" ಅಂತ ಬೋರ್ಡ್ ಹಾಕಿರುತ್ತಾರಲ್ಲ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು? ದುಡ್ಡು ಕೊಡುವ ಮೊದಲು ರೂಮಿನಲ್ಲಿ ಏನು ಪರೀಕ್ಷಿಸಬೇಕು?

---

ಗಿರಿಗಾಳಿ:
ರಾತ್ರಿ 9ಕ್ಕೆ ಇಳಿಯುವುದಾದರೆ ಲಾ ಕಿಯಾಕಾದಲ್ಲೇ ಮಲಗಿ. ವಿಲ್ಯಾಸೋನ್‌ನಲ್ಲಿ ಒಂದಿಷ್ಟು ದುಡ್ಡು ಉಳಿಯಬಹುದು, ಆದರೆ ಅದಕ್ಕಾಗಿ ಕೊರೆಯುವ ಚಳಿಯಲ್ಲಿ ಲಗೇಜು ಎಳೆದುಕೊಂಡು ಎರಡು ದೇಶಗಳ ಕಚೇರಿ ಮುಗಿಸಿ, ಗೊತ್ತಿಲ್ಲದ ಬೀದಿಯಲ್ಲಿ ಬಾಗಿಲು ತಟ್ಟುತ್ತಾ ಹೋಗಬೇಕು. ಇನ್ನೊಂದು ಕಾರಣ ಊಟ. ಅರ್ಜೆಂಟೀನಾದಲ್ಲಿ ರಾತ್ರಿಯೂಟ ಶುರುವಾಗುವುದೇ ಎಂಟೂವರೆ–ಒಂಬತ್ತಕ್ಕೆ. ಆ ಹೊತ್ತಿಗೆ ವಿಲ್ಯಾಸೋನ್‌ನಲ್ಲಿ ಒಲೆ ಆರಿಸುತ್ತಿರುತ್ತಾರೆ. ಒಂದು ವೇಳೆ ಮಧ್ಯಾಹ್ನವೇ ತಲುಪಿದರೆ ಲೆಕ್ಕ ತಿರುಗುಮುರುಗು. ಆಗ ನೇರ ದಾಟಿಬಿಡಿ, ಏಕೆಂದರೆ ಲಾ ಕಿಯಾಕಾದಲ್ಲಿ ಮಧ್ಯಾಹ್ನದ ಸಿಯೆಸ್ತಾ ಹೊತ್ತಿಗೆ ಅಂಗಡಿಮುಂಗಟ್ಟು ಮುಚ್ಚಿ ಊರೇ ಮಲಗಿರುತ್ತದೆ.

ಗಡಿಯಾರದ ವಿಷಯ ಮರೆಯಬೇಡಿ. ಬೊಲಿವಿಯಾ ಅರ್ಜೆಂಟೀನಾಗಿಂತ 1 ಗಂಟೆ ಹಿಂದೆ. ಗಡಿಯ ನದಿ ಸಣ್ಣದು, ಆಚೆ ದಡದ ಟವರಿನ ಸಿಗ್ನಲ್ ಈಚೆಗೂ ಬರುತ್ತದೆ. ಫೋನಿನಲ್ಲಿ ಸಮಯ ತಾನಾಗಿ ಬದಲಾಗುವ ಸೆಟ್ಟಿಂಗ್ ಇದ್ದರೆ ನಡುರಾತ್ರಿ ಅದು ಬೊಲಿವಿಯಾಗೆ ಹಾರಿ, ಬೆಳಗಿನ ಅಲಾರಂ ಒಂದು ಗಂಟೆ ತಡವಾಗಿ ಹೊಡೆಯುತ್ತದೆ. ಆ ಸೆಟ್ಟಿಂಗ್ ಆಫ್ ಮಾಡಿ, ರೋಮಿಂಗನ್ನೂ ಆಫ್ ಮಾಡಿ. ಅಂದಹಾಗೆ ಜುಲೈನಲ್ಲಿ ಲಾ ಕಿಯಾಕಾದ ಗಡಿಯಾರದಲ್ಲಿ ಸೂರ್ಯ ಹುಟ್ಟುವುದೇ 8ರ ಹೊತ್ತಿಗೆ. ಆರಕ್ಕೆ ಎದ್ದು ಸಾಧಿಸುವುದು ಏನೂ ಇಲ್ಲ.

---

ತಂತಿಪಕ್ಕಡ:
ಬಿಸಿನೀರಿನ ಬೋರ್ಡ್ ಸುಳ್ಳಲ್ಲ, ಅರ್ಧ ಸತ್ಯ. ಬೊಲಿವಿಯಾ ಕಡೆಯ ಅಗ್ಗದ ರೂಮುಗಳಲ್ಲಿ ಹೆಚ್ಚಾಗಿ ಇರುವುದು ವಿದ್ಯುತ್ ಶವರ್. ಟ್ಯಾಂಕು ಇಲ್ಲ, ಶವರಿನ ತಲೆಯೊಳಗೇ ಕಾಯಿಲ್. ನೀರಿನ ಒತ್ತಡ ಒಳಗಿನ ರಬ್ಬರ್ ಪೊರೆಯನ್ನು ತಳ್ಳಿದಾಗ ಮಾತ್ರ ಕರೆಂಟು ಹರಿಯುತ್ತದೆ.

ಲೆಕ್ಕ ಹಾಕಿ ನೋಡಿ. 5,400 ವಾಟ್‌ನ ಶವರ್ ನಿಮಿಷಕ್ಕೆ 3 ಲೀಟರ್ ನೀರನ್ನು ಸುಮಾರು 26 ಡಿಗ್ರಿ ಏರಿಸುತ್ತದೆ. ನಲ್ಲಿಯ ನೀರು 8 ಡಿಗ್ರಿ ಇದ್ದರೆ ಮೈಮೇಲೆ ಬೀಳುವುದು 34 ಡಿಗ್ರಿ, ಸ್ನಾನಕ್ಕೆ ಅಡ್ಡಿಯಿಲ್ಲ. ಅದೇ ನಲ್ಲಿ ಪೂರ್ತಿ ತಿರುಗಿಸಿ 5 ಲೀಟರ್ ಬಿಟ್ಟಿರೋ, ಏರುವುದು ಹದಿನೈದೂವರೆ ಡಿಗ್ರಿ ಮಾತ್ರ. 23 ಡಿಗ್ರಿ ನೀರಿನಲ್ಲಿ ಹಲ್ಲು ಕಟಕಟ ಅನ್ನುತ್ತದೆ. ಹೆಚ್ಚು ಬಿಟ್ಟಷ್ಟೂ ತಣ್ಣಗೆ, ಎಲ್ಲರೂ ಎಡವುವುದು ಇಲ್ಲೇ.

ಮಾಡಬೇಕಾದದ್ದು: ಗೋಡೆಯಲ್ಲಿ ಶವರಿನದೇ ಸ್ವಿಚ್ ಇದ್ದರೆ ಮೈ ಒದ್ದೆಯಾಗುವ ಮೊದಲೇ ಹಾಕಿ. ನಲ್ಲಿಯನ್ನು ಪೂರ್ತಿ ತೆರೆಯಿರಿ. "ಟಕ್" ಅನ್ನುತ್ತದೆ, ಗುಂಯ್ ಅನ್ನುತ್ತದೆ, ಬಲ್ಬು ಒಂದು ಕ್ಷಣ ಮಂಕಾಗುತ್ತದೆ. ಆಮೇಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಕಡಿಮೆ ಮಾಡುತ್ತಾ ಬನ್ನಿ. ತೀರಾ ಕಡಿಮೆಯಾದರೆ ಪೊರೆ ಹಿಂದೆ ಸರಿದು ಕರೆಂಟು ಕಡಿದು, ದಿಢೀರನೆ ಐಸು ನೀರು. ಹಾಗಾದರೆ ಮತ್ತೆ ಮೊದಲಿನಿಂದ. ಬಿಸಿ–ತಣ್ಣೀರಿನ ಗುಂಡಿಯನ್ನು ನೀರು ಹರಿಯುವಾಗ ಮುಟ್ಟಬೇಡಿ. ರಬ್ಬರ್ ಚಪ್ಪಲಿ ಕಾಲಲ್ಲೇ ಇರಲಿ. ಶವರಿನ ಮೇಲೆ ತಂತಿಗಳು ಬರೀ ಟೇಪು ಸುತ್ತಿ ನೇತಾಡುತ್ತಿದ್ದರೆ, ಅರ್ತ್ ತಂತಿ ತುಂಡಾಗಿ ಜೋತುಬಿದ್ದಿದ್ದರೆ ಬೇರೆ ರೂಮು ಕೇಳಿ. ಒಂದು ದಿನ ಸ್ನಾನ ಬಿಟ್ಟರೆ ಯಾರೂ ಸಾಯುವುದಿಲ್ಲ.

ಜುಲೈ ಬೆಳಿಗ್ಗೆ ಹೊರಗಿನ ಪೈಪು ಹೆಪ್ಪುಗಟ್ಟಿರಲೂಬಹುದು, ಬಿಸಿಲು ಏರುವವರೆಗೆ ನಲ್ಲಿಯಲ್ಲಿ ಹನಿಯೂ ಬರದು. ರಾತ್ರಿ ಮಲಗುವ ಮೊದಲೇ ಒಂದು ಬಾಟಲಿ ನೀರು ತುಂಬಿಟ್ಟುಕೊಳ್ಳಿ.

ಶವರಿಗಿಂತ ದೊಡ್ಡ ಅಪಾಯ ಗ್ಯಾಸ್ ಹೀಟರ್. ಅರ್ಜೆಂಟೀನಾದ ನಿಯಮದ ಪ್ರಕಾರ ಮಲಗುವ ಕೋಣೆಯಲ್ಲಿ ಇರಬೇಕಾದದ್ದು "ತಿರೊ ಬಾಲನ್ಸೆಯಾದೊ" ಮಾದರಿ. ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದು ಹೊಗೆಯನ್ನೂ ಹೊರಗೇ ಬಿಡುತ್ತದೆ. ಹೀಟರಿನ ಹಿಂದೆ ಗೋಡೆ ತೂರಿ ಹೋಗಿರುವ ಕೊಳವೆ, ಹೊರಗೋಡೆಯಲ್ಲಿ ಅದರ ಜಾಲರಿ ಕಾಣಬೇಕು. ಸಿಲಿಂಡರಿಗೆ ಸಿಕ್ಕಿಸಿ ರೂಮಿನ ಮಧ್ಯಕ್ಕೆ ತಂದಿಡುವ ಹೀಟರನ್ನು ಎಷ್ಟೇ ಚಳಿಯಾದರೂ ಉರಿಸಿಕೊಂಡು ಮಲಗಬೇಡಿ. ಗಾಳಿ ತೆಳುವಾದ ಜಾಗದಲ್ಲಿ ಗ್ಯಾಸು ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹೆಚ್ಚಾಗುತ್ತದೆ. ಜ್ವಾಲೆ ನೀಲಿ ಇರಬೇಕು, ಹಳದಿಗೆ ತಿರುಗಿದರೆ ಆರಿಸಿಬಿಡಿ. ಬಚ್ಚಲಿನೊಳಗೇ ಕೊಳವೆಯಿಲ್ಲದ ಗ್ಯಾಸ್ ಗೀಸರ್ ಇದ್ದರೂ ಇದೇ ಮಾತು.

ಮೋಸ ಎಲ್ಲಿ ಅಂದರೆ, ಈ ವಿಷಗಾಳಿಯ ಲಕ್ಷಣಗಳೂ ಎತ್ತರದ ಕಾಯಿಲೆಯ ಲಕ್ಷಣಗಳೂ ಹೆಚ್ಚುಕಮ್ಮಿ ಒಂದೇ: ತಲೆನೋವು, ವಾಕರಿಕೆ, ತಲೆಸುತ್ತು. "ಎತ್ತರಕ್ಕೆ ಬಂದಿದ್ದೇವಲ್ಲ, ಅದಕ್ಕೇ" ಅಂದುಕೊಂಡು ಮತ್ತೆ ಮಲಗಿಬಿಡುತ್ತಾರೆ. ಹೀಟರ್ ಹಚ್ಚಿದ ಮೇಲೆ ಇಬ್ಬರಿಗೂ ಒಟ್ಟಿಗೇ ಶುರುವಾದರೆ, ಹೊರಗೆ ಬಂದು ನಿಂತಾಗ ಹಗುರವಾದರೆ, ಮೊದಲ ಅನುಮಾನ ಹೀಟರಿನ ಮೇಲಿರಲಿ. ಗ್ಯಾಸು ಆರಿಸಿ, ಬಾಗಿಲು ತೆರೆದು, ಹೋಟೆಲಿನವರನ್ನು ಎಬ್ಬಿಸಿ ವೈದ್ಯರನ್ನು ಕಾಣಿ.

---

ಮೂರುಕಂಬಳಿ:
ಹೀಟರ್ ಇಲ್ಲದೆಯೂ ಬೆಚ್ಚಗಿರುವ ರೂಮು ಸಿಗುತ್ತದೆ, ಆರಿಸಿಕೊಳ್ಳಲು ಬರಬೇಕು ಅಷ್ಟೆ. ಭೂಮಧ್ಯರೇಖೆಯ ದಕ್ಷಿಣಕ್ಕೆ 22 ಡಿಗ್ರಿಯಲ್ಲಿ ಜುಲೈ ಸೂರ್ಯ ಇಡೀ ಹಗಲು ಉತ್ತರದಲ್ಲೇ ವಾಲಿಕೊಂಡಿರುತ್ತಾನೆ. ಉತ್ತರಕ್ಕೆ ಕಿಟಕಿ ಇರುವ ರೂಮಿನ ಗೋಡೆ ಸಂಜೆಯವರೆಗೂ ಬಿಸಿಲು ಕುಡಿದಿರುತ್ತದೆ. ದಕ್ಷಿಣದ ರೂಮು ಚಳಿಗಾಲವಿಡೀ ಬಿಸಿಲು ಕಾಣದ ನೆಲಮಾಳಿಗೆಯಂತೆ. ರಾತ್ರಿ ಹೋದರೂ ಗೋಡೆಗೆ ಅಂಗೈ ಒತ್ತಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ದಪ್ಪ ಮಣ್ಣಿಟ್ಟಿಗೆಯ ಹಳೆಯ ಕಟ್ಟಡ ಕಾಂಕ್ರೀಟಿನ ಹೊಸ ಕಟ್ಟಡಕ್ಕಿಂತ ಎಷ್ಟೋ ವಾಸಿ. ತಗಡಿನ ಚಾವಣಿಯ ಮೇಲ್ಮಹಡಿ ಬೇಡವೇ ಬೇಡ. ಜುಲೈ ರಾತ್ರಿ ಸೊನ್ನೆಗಿಂತ ಕೆಳಗಿಳಿಯುವುದು ಇಲ್ಲಿ ಮಾಮೂಲು, ಮೈನಸ್ 10ರ ಆಸುಪಾಸೂ ಅಪರೂಪವಲ್ಲ.

ಕಂಬಳಿಗೆ ಸ್ಪ್ಯಾನಿಷ್‌ನಲ್ಲಿ "ಫ್ರಸಾದಾ" ಅನ್ನುತ್ತಾರೆ. ತಲೆಗೆ ಮೂರು ಕೇಳಿ, ಚೆಕ್-ಇನ್ ಮಾಡುವಾಗಲೇ ಕೇಳಿ. ಹನ್ನೊಂದರ ಮೇಲೆ ಕೌಂಟರಿನಲ್ಲಿ ಯಾರೂ ಇರುವುದಿಲ್ಲ. ಅರ್ಜೆಂಟೀನಾ ಕಡೆ "ಮಾತೆ" ಅನ್ನುವ ಎಲೆಕಷಾಯ ಕುಡಿಯುವವರಿಗೆ ಫ್ಲಾಸ್ಕಿಗೆ ಬಿಸಿನೀರು ಹಾಕಿಕೊಡುವುದು ರೂಢಿ, ಸಂಕೋಚವಿಲ್ಲದೆ ಕೇಳಬಹುದು. ಅದನ್ನು ಸ್ಟೀಲ್ ಬಾಟಲಿಗೆ ತುಂಬಿ ಕಾಲುಚೀಲ ತೊಡಿಸಿ ಹಾಸಿಗೆಯೊಳಗೆ ಇಡಿ. ತೆಳು ಪ್ಲಾಸ್ಟಿಕ್ ಬಾಟಲಿಗೆ ಹಾಕಿದರೆ ಅದು ಮುದುರಿ ಹಾಸಿಗೆಯೆಲ್ಲ ಒದ್ದೆ.

ಹೆಸರುಗಳ ಗೊಂದಲವೂ ಒಂದಿದೆ. "ಓಸ್ಪೆದಾಹೆ", "ರೆಸಿದೆನ್ಸಿಯಾಲ್" ಎರಡೂ ಕಡೆ ಅಗ್ಗದ ತಂಗುದಾಣಗಳೇ. "ಆಲೊಹಾಮಿಯೆಂತೊ" ಅಂದರೆ ಬೊಲಿವಿಯಾದಲ್ಲಿ ಅದಕ್ಕಿಂತಲೂ ಅಗ್ಗದ್ದು, ಸಾಮಾನ್ಯವಾಗಿ ಅಂಗಳದಾಚೆ ಹಂಚಿಕೊಳ್ಳುವ ಬಚ್ಚಲು. ಅದೇ ಅರ್ಜೆಂಟೀನಾದಲ್ಲಿ "ಒತೆಲ್ ಆಲೊಹಾಮಿಯೆಂತೊ" ಅಥವಾ "ಆಲ್ಬೆರ್ಗೆ ತ್ರಾನ್ಸಿತೋರಿಯೊ" ಅಂದರೆ ಗಂಟೆ ಲೆಕ್ಕದಲ್ಲಿ ಜೋಡಿಗಳಿಗೆ ಕೊಡುವ ರೂಮು. ಅದು ಬೇರೆಯದೇ ವ್ಯಾಪಾರ.

"ಪ್ವೇದೊ ವೇರ್ ಲಾ ಆಬಿತಾಸ್ಯೋನ್?" — ರೂಮು ನೋಡಬಹುದಾ? ಈ ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಒಳಗೆ ಹೋದಮೇಲೆ ನಲ್ಲಿ ತಿರುಗಿಸಿ, ಫ್ಲಶ್ ಎಳೆಯಿರಿ, ಬಾಗಿಲ ಚಿಲಕ ಒಳಗಿನಿಂದ ಬೀಳುತ್ತದಾ ನೋಡಿ. ಹಾಸಿಗೆಯ ನಡುವೆ ಕೂತು ನೋಡಿ, ತೊಟ್ಟಿಲಿನಂತೆ ಕುಸಿದರೆ ಬೆಳಿಗ್ಗೆ ಸೊಂಟ ಹಿಡಿಯುತ್ತದೆ. ಟಾಯ್ಲೆಟ್ ಪೇಪರ್ ನಿಮ್ಮದೇ ಇರಲಿ, ಬಳಸಿದ್ದನ್ನು ಪಕ್ಕದ ಬುಟ್ಟಿಗೆ ಹಾಕಬೇಕು, ಕಮೋಡಿಗಲ್ಲ. ಪೈಪು ಕಿರಿದು.

---

ನಿದ್ದೆಗೇಡಿ:
ಮೇಲಿನವರೆಲ್ಲ ರೂಮಿನ ಬಗ್ಗೆ ಹೇಳಿದರು, ರೂಮಿನೊಳಗೆ ಮಲಗುವ ದೇಹದ ಬಗ್ಗೆ ಯಾರೂ ಹೇಳಲಿಲ್ಲ. ಹುಹುಯ್ ಇರುವುದು ಸುಮಾರು 1,250 ಮೀಟರಿನಲ್ಲಿ, ಲಾ ಕಿಯಾಕಾ 3,442ರಲ್ಲಿ. ಒಂದೇ ಸಂಜೆಗೆ 2,200 ಮೀಟರ್ ಜಿಗಿತ. ತಗ್ಗಿನಿಂದ ಬಂದವರು ಮೊದಲ ದಿನವೇ 2,750 ಮೀಟರ್ ಮೇಲೆ ಮಲಗಬಾರದು ಅನ್ನುವುದು ವೈದ್ಯರ ಸಾಮಾನ್ಯ ಸಲಹೆ. ಹಾಗಾಗಿ ಗಿರಿಗಾಳಿಯವರು ಹೇಳಿದ್ದಕ್ಕೆ ನನ್ನ ತಕರಾರಿದೆ. ಎರಡು ಊರಿನಲ್ಲಿ ಯಾವುದು ಅನ್ನುವ ಮೊದಲು, ಆ ರಾತ್ರಿ ಎರಡೂ ಬೇಡ. ಅದೇ 9ನೇ ಹೆದ್ದಾರಿಯಲ್ಲಿ ಸಿಗುವ ತಿಲ್ಕಾರಾದಲ್ಲಿ (ಸುಮಾರು 2,460 ಮೀಟರ್) ಒಂದು ರಾತ್ರಿ, ಸಾಧ್ಯವಾದರೆ ಉಮಾವಾಕಾದಲ್ಲಿ (ಸುಮಾರು 3,000) ಇನ್ನೊಂದು ರಾತ್ರಿ ಕಳೆದು ಬನ್ನಿ. ಅಲ್ಲಿ ರೂಮುಗಳ ಆಯ್ಕೆಯೂ ಹೆಚ್ಚು.

ಅಷ್ಟು ದಿನ ಇಲ್ಲದಿದ್ದರೆ ಎತ್ತರದ ಕಾಯಿಲೆ ತಡೆಯುವ ಮಾತ್ರೆ ಅಸೆಟಜೋಲಮೈಡ್ ಬಗ್ಗೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಸಾಮಾನ್ಯ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಹತ್ತುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಇದ್ದವರು ಅದನ್ನು ಮೊದಲೇ ಹೇಳಬೇಕು. ಬೆರಳು ಜುಮುಜುಮು ಅನ್ನುತ್ತದೆ, ಪದೇ ಪದೇ ಮೂತ್ರ ಬರುತ್ತದೆ. ಆದ್ದರಿಂದ ಮಾತ್ರೆ ನುಂಗುವವರು ಅಂಗಳದಾಚೆಯ ಬಚ್ಚಲಿನ ಅಗ್ಗದ ರೂಮು ಹಿಡಿಯಬಾರದು! "ಬಾನ್ಯೊ ಪ್ರಿವಾದೊ" (ರೂಮಿಗೇ ಸೇರಿದ ಬಚ್ಚಲು) ಅಂತ ಕೇಳಿ, ಆ ಹೆಚ್ಚಿನ ದುಡ್ಡು ಸಾರ್ಥಕ.

ಮೊದಲ ರಾತ್ರಿ ಉಸಿರು ತಡೆದು ತಡೆದು ಬಂದು ಎಚ್ಚರವಾಗುವುದು ಆ ಎತ್ತರದಲ್ಲಿ ಸಹಜ. ನಿದ್ದೆಮಾತ್ರೆ, ಮದ್ಯ ಎರಡೂ ಬೇಡ. ತಲೆನೋವಿನ ಜೊತೆ ವಾಂತಿ ನಿಲ್ಲದಿದ್ದರೆ, ನಡಿಗೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ, ಕೆಳಗಿಳಿಯಿರಿ. ಕುಡಿಯುವ ನೀರು ಕುದಿಸುವುದಾದರೆ ಪೂರ್ತಿ 3 ನಿಮಿಷ, ಅಲ್ಲಿ ನೀರು 88 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ.

---

ದಾರಿಹೋಕ:
ತಿಲ್ಕಾರಾದಲ್ಲಿ ಒಂದು ರಾತ್ರಿ ಸೇರಿಸಿದರೆ ಲಾ ಕಿಯಾಕಾಗೆ ಮಧ್ಯಾಹ್ನವೇ ಮುಟ್ಟುತ್ತೇವೆ. ಅಂದರೆ ವಿಲ್ಯಾಸೋನ್‌ನಲ್ಲೇ ಉಳಿಯುವುದು ಅಂತಾಯಿತು. ಹಾಗಾದರೆ ದುಡ್ಡು, ಊಟ, ಪ್ಲಗ್ಗು?

---

ಚಿಲ್ಲರೆ:
ಮೊದಲು ಪಾಸ್‌ಪೋರ್ಟ್. ಸೇತುವೆ ಮೇಲೆ ಸ್ಥಳೀಯರು ಮೂಟೆ ಹೊತ್ತು ಸರಸರ ದಾಟುತ್ತಿರುತ್ತಾರೆ, ಅವರ ಹಿಂದೆ ನಡೆದರೆ ಯಾರೂ ತಡೆಯದೇ ಇರಬಹುದು. ಎಡವುವುದು ಅಲ್ಲೇ. ಅರ್ಜೆಂಟೀನಾದಿಂದ ಹೊರಟದ್ದೂ ಬೊಲಿವಿಯಾಗೆ ಬಂದದ್ದೂ ಎರಡೂ ದಾಖಲಾಗಬೇಕು. ಬೊಲಿವಿಯಾದ ಮುದ್ರೆಯಲ್ಲಿ ದಿನಾಂಕ, ಎಷ್ಟು ದಿನ ಅನ್ನುವುದನ್ನು ಕಿಟಕಿ ಬಿಡುವ ಮೊದಲೇ ಓದಿ. ಹೋಟೆಲಿನವರು ಪಾಸ್‌ಪೋರ್ಟ್ ವಿವರ ಬರೆದುಕೊಳ್ಳುವಾಗ ಆ ಮುದ್ರೆಯನ್ನು ಕೇಳುತ್ತಾರೆ.

ಅರ್ಜೆಂಟೀನಾದ ಪೆಸೊ ಬದಲಿಸಲು ವಿಲ್ಯಾಸೋನ್ ಕಡೆ ಸೇತುವೆಯಿಂದ ಮೇಲಕ್ಕೆ ಹೋಗುವ ಅವೆನೀದಾ ರೆಪುಬ್ಲಿಕಾ ಅರ್ಹೆಂತೀನಾ ಅನ್ನುವ ಬೀದಿಯಲ್ಲಿ ಸಾಲಾಗಿ ಅಂಗಡಿಗಳಿವೆ. ಮೂರು ಕಡೆ ಕೇಳಿ ಆಮೇಲೆ ಬದಲಿಸಿ. ವರ್ಷಗಟ್ಟಲೆ ಡಾಲರಿಗೆ 6.96 ಬೊಲಿವಿಯಾನೊ ಅಂತ ಕಟ್ಟಿಹಾಕಿದ್ದ ದರಕ್ಕೂ ಬೀದಿಯ ದರಕ್ಕೂ 2023ರ ಡಾಲರ್ ಅಭಾವದ ನಂತರ ಅಂತರ ಬಿತ್ತು, ಹಳೆಯ ಬ್ಲಾಗು ನೋಡಿ ಬಜೆಟ್ ಹಾಕಬೇಡಿ. ಡಾಲರ್ ನೋಟಿನಲ್ಲಿ ಸಣ್ಣ ಹರುಕು, ಪೆನ್ನಿನ ಗೀಟು ಇದ್ದರೂ ವಾಪಸ್ ಕೊಡುತ್ತಾರೆ. 200 ಬೊಲಿವಿಯಾನೊ ನೋಟನ್ನು ಅಲ್ಲೇ 10, 20ಕ್ಕೆ ಮುರಿಸಿಕೊಳ್ಳಿ, ಸಣ್ಣ ಓಸ್ಪೆದಾಹೆಯಲ್ಲಿ ಚಿಲ್ಲರೆ ಹುಟ್ಟುವುದಿಲ್ಲ.

ತಿಲ್ಕಾರಾ ರೂಮಿಗೆ ಒಂದು ಉಳಿತಾಯ: ಅರ್ಜೆಂಟೀನಾದಲ್ಲಿ ವಿದೇಶಿ ಪ್ರವಾಸಿಗರು ವಿದೇಶಿ ಕಾರ್ಡಿನಿಂದ ಕೊಟ್ಟರೆ ವಸತಿಯ ಮೇಲಿನ 21% ಮೌಲ್ಯವರ್ಧಿತ ತೆರಿಗೆ ಬಿಡಬೇಕು. ಪಾಸ್‌ಪೋರ್ಟ್ ತೋರಿಸಿ "ಸಿನ್ ಈವಾ" (ಆ ತೆರಿಗೆ ಬಿಟ್ಟು) ಅನ್ನಿ. ನಗದು ಕೊಟ್ಟರೆ ಈ ವಿನಾಯಿತಿ ಇಲ್ಲ. ತೀರಾ ಸಣ್ಣ ಕಡೆ ಕಾರ್ಡ್ ಯಂತ್ರವೇ ಇರುವುದಿಲ್ಲ, ಅಲ್ಲಿ ನಗದಿಗೆ ಚೌಕಾಸಿ ಮಾಡುವುದೇ ಲಾಭ.

ಊಟ: "ಸಿನ್ ಕಾರ್ನೆ" ಅಂದರೆ ಅವರ ಕಿವಿಗೆ ಬೀಳುವುದು ದನದ ಮಾಂಸ ಬೇಡ ಅಂತ ಮಾತ್ರ, ಕೋಳಿ ಬಂದೇಬರುತ್ತದೆ. "ಸಿನ್ ಕಾರ್ನೆ, ಸಿನ್ ಪೊಲ್ಯೊ, ಸಿನ್ ಹಮೋನ್" (ಮಾಂಸ, ಕೋಳಿ, ಹ್ಯಾಮ್ ಬೇಡ) ಅಂತ ಮೂರೂ ಹೇಳಿ. ಕಿನೋವಾ ಸೂಪು ಹಸಿರಾಗಿ ಕಂಡರೂ ಮೂಳೆ ಕುದಿಸಿದ ನೀರಿನದಾಗಿರಬಹುದು. ಕರ್ಜಿಕಾಯಿ ಆಕಾರದ ಚೀಸ್ ಎಂಪನಾದಾದ ಹಿಟ್ಟಿಗೂ ದನದ ಕೊಬ್ಬು ಹಾಕುವುದುಂಟು. ಬೇಯಿಸಿದ ಆಲೂಗಡ್ಡೆ, ಮೆಕ್ಕೆಜೋಳ, ಚೀಸು, ಅನ್ನ, ಬ್ರೆಡ್ಡು, ಮಾರುಕಟ್ಟೆಯ ಹಣ್ಣು ಇವೇ ಭರವಸೆಯವು.

---

ತಂತಿಪಕ್ಕಡ:
ಪ್ಲಗ್ಗು: ಎರಡೂ ಕಡೆ 220 ವೋಲ್ಟ್ ಆಸುಪಾಸು, 50 ಹರ್ಟ್ಸ್, ಫೋನ್ ಚಾರ್ಜರಿಗೆ ತೊಂದರೆಯಿಲ್ಲ. ಅರ್ಜೆಂಟೀನಾದ ಹೊಸ ಸಾಕೆಟ್ಟಿಗೆ ಓರೆಯಾದ ಚಪ್ಪಟೆ ಕಡ್ಡಿಗಳ ಅಡಾಪ್ಟರ್ ಬೇಕು. ಬೊಲಿವಿಯಾದಲ್ಲಿ ತೆಳು ದುಂಡುಕಡ್ಡಿಯದೂ ನೇರ ಚಪ್ಪಟೆಯದೂ ಕೂರುತ್ತವೆ. ರೂಮಿನಲ್ಲಿ ಸಾಮಾನ್ಯವಾಗಿ ಒಂದೇ ಸಾಕೆಟ್ಟು, ಅದೂ ಸಡಿಲ. ಪಕ್ಕದ ರೂಮಿನವರು ಶವರ್ ಹಾಕಿದಾಗ ಕರೆಂಟು ಕುಗ್ಗುತ್ತದೆ. ಪವರ್‌ಬ್ಯಾಂಕನ್ನು ತಿಲ್ಕಾರಾದಲ್ಲೇ ತುಂಬಿಸಿಕೊಂಡು ಹೊರಡಿ, ಚಳಿಯ ರಾತ್ರಿ ಫೋನನ್ನೂ ಅದನ್ನೂ ಕಂಬಳಿಯೊಳಗೇ ಇಟ್ಟುಕೊಳ್ಳಿ.