ಊರಿನ ನಳದ ಕೆಲಸ ಆಗ್ಯಾದ, ಫೈಲ್ ಹೆಂಗ ಮುಚ್ಚಬೇಕು?

ಸುರಪುರ ಕಡೆಯ ಕಿರಿಯ ಎಂಜಿನಿಯರ್ ಕೇಳಿದ್ದು: ಜಲ ಜೀವನ ಮಿಷನ್ನಿನಾಗ ಒಂದೂರಿನ ಕೆಲಸ ಮುಗದದ. ಬಹುಗ್ರಾಮ ಯೋಜನೆಯ ನದಿ ನೀರು ಇನ್ನೂ ಬಂದಿಲ್ಲ, ಸದ್ಯ ಕೊಳವೆಬಾವಿ ನೀರೇ ಬಿಡ್ತೀವಿ. ನಮ್ಮ ಪಾಲಿಂದು ಕ್ಲೋಸ್ ಮಾಡೋದು ಹೆಂಗ?

ಶಹಾಪುರದಿಂದ, ಇಂಥ ಕೆಲಸ ನೋಡಿಕೊಂಡವರು:

ನದಿ ನೀರು ಬರೋತನಕ ಅಂತ ಫೈಲ್ ತೆರೆದಿಡಬ್ಯಾಡ್ರಿ. ನಿಮ್ಮ ಲೈನಿಗಿ ಅದು ಕೂಡೋ ಜಾಗ ಯಾವುದು, ಅಲ್ಲಿ ಪೈಪಿನ ಸೈಜ್ ಎಷ್ಟು, ನಳ ಸಿಗದ ಮನಿ ಯಾವ್ಯಾವು, ಅವು ಯಾವ ಅಂದಾಜುಪಟ್ಟಿಯಾಗ ಬರ್ತಾವ, ಇಷ್ಟು ಬರದು ಬಹುಗ್ರಾಮ ಯೋಜನೆ ನೋಡಿಕೊಳ್ಳೋ ಎಂಜಿನಿಯರ್‌ಗೆ ಕೊಟ್ಟು ಸ್ವೀಕೃತಿ ತಗೋರಿ. "ಮಿಷನ್ ನಡದೇ ಅದ, ಮುಂದ ನೋಡೋಣ" ಅಂದ್ರ ನಳ ಸಿಗದ ತಾಂಡಾದ ನಾಕು ಮನಿ ಯಾರ ಪಟ್ಟಿಯಾಗೂ ಇರಂಗಿಲ್ಲ.

ಆಮ್ಯಾಲ ನೀರಗಂಟಿನ್ನ ಕರಕೊಂಡು ಲೈನ್ ಉದ್ದಕ್ಕೂ ನಡೀರಿ. ಎಂ.ಬಿ.ಯಾಗ (ಕೆಲಸದ ಅಳತಿ ಪುಸ್ತಕ) ಪೈಪಿನ ಅಳತಿ ಸಿಗ್ತದ, ವಾಲ್ವ್ ಎಲ್ಲಿ ಹೂಳ್ಯಾರ ಅನ್ನೋದು ಸಿಗಂಗಿಲ್ಲ. "ಹಣಮಂದೇವರ ಕಟ್ಟಿಯಿಂದ ಶಾಲಿ ಕಡೆ 12 ಫೂಟ್" ಅಂತ ಬರದು ನಕ್ಷಿಯಾಗ ಗುರ್ತು ಹಾಕಿ, ಪಂಚಾಯ್ತಿ ಗ್ವಾಡಿಗಿ ಹಚ್ಚರಿ. ನೀರಗಂಟಿ ಬದಲಾದ ದಿನ ಅದೇ ಆಧಾರ.

ಮಿಷನ್ ಹೇಳೋ ತಲಿಗಿ ದಿನಕ್ಕ 55 ಲೀಟರ್ ಲೆಕ್ಕ ಟ್ಯಾಂಕಿನ ಬುಡದಾಗ ಸರಿಯಾಗೇ ಬರ್ತದ. ಕೊನೀ ಮನಿ ನಳಕ್ಕ ಕೊಡ ಇಟ್ಟು ನೋಡ್ರಿ. ನಮ್ಮ ಎರಿ ಭೂಮಿ ಬ್ಯಾಸಿಗ್ಯಾಗ ಬಿರಿತದ, ಮಳ್ಯಾಗ ಉಬ್ಬತದ, ಜಾಯಿಂಟ್ ಸಡ್ಲಾಗ್ತಾವ. ಸಾಧ್ಯ ಆದ್ರ ಒಂದು ಮಳಿಗಾಲ ಕಳದ ಮ್ಯಾಲ ಮತ್ತೊಮ್ಮೆ ತಿರುಗಾಡ್ರಿ, ಗುತ್ತಿಗೆದಾರರ ನಿರ್ವಹಣಾ ಅವಧಿ ಇನ್ನೂ ಇರುವಾಗಲೇ.

ಬೀದರ್‌ನಿಂದ, ಪಿಡಿಒ:

ಹಸ್ತಾಂತರ ಪತ್ರಕ್ಕೆ ಸಹಿ ಹಾಕೋರು ನಾವು, ಅದಕ್ಕೆ ಎರಡು ಮಾತು. ಮೋಟರಿನ ಜೆಸ್ಕಾಂ ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ನಂಬರ್) ಪಂಚಾಯ್ತಿ ಹೆಸರಿಗೆ ಆಗಿದೆಯಾ, ಹಿಂದಿನ ಬಾಕಿ ಎಷ್ಟು, ಇದನ್ನು ಪತ್ರದಲ್ಲೇ ಬರೆಯಿರಿ. ಪೈಪಿಗಾಗಿ ಅಗೆದ ಸಿಸಿ ರಸ್ತೆ ಮುಚ್ಚದೆ ಗುತ್ತಿಗೆದಾರರ ಠೇವಣಿ ಬಿಡುಗಡೆಗೆ ಶಿಫಾರಸು ಮಾಡಬೇಡಿ. ಊರವರು ಬೈಯೋದು ನಮ್ಮನ್ನ. "ಹರ್ ಘರ್ ಜಲ್" (ಎಲ್ಲ ಮನೆಗೂ ನಳದ ನೀರು) ಪ್ರಮಾಣೀಕರಣಕ್ಕೆ ಗ್ರಾಮಸಭೆ ಠರಾವು ಬೇಕು. ಸಭೆಯನ್ನು ಹೆಂಗಸರು ಹೊಲದಿಂದ ಬಂದ ಮೇಲೆ ಇಡಿ, ಯಾವ ನಳ ಬರಲ್ಲ ಅಂತ ಹೇಳೋರು ಅವರೇ.

ಕಲಬುರಗಿಯಿಂದ:

ಕೊಳವೆಬಾವಿ ನೀರೇ ಬಿಡ್ತಿದ್ರ ಫ್ಲೋರೈಡ್ ವರದಿ ಫೈಲಿಗೆ ಹಚ್ಚರಿ. ಲೀಟರಿಗೆ 1 ಮಿಲಿಗ್ರಾಂ ಒಳಗ ಇರಬೇಕು, ಬ್ಯಾರೆ ನೀರು ಇಲ್ಲದ ಕಡೆ 1.5 ತನಕ. ಕಿಟ್ ಪರೀಕ್ಷೆ ಅಷ್ಟೇ ಸಾಲಂಗಿಲ್ಲ, ಪ್ರಯೋಗಾಲಯದ್ದೇ ತರಸ್ರಿ.